ಚಕ್ರದ ಕಲ್ಲು ಒಲೆಗೆ ಹೋದಾಗ

ನನ್ನ ಮಗಳು ಮಲಗಿದ್ದ ಕ್ಯಾಂಪರ್ ವ್ಯಾನ್ ಕಣ್ಣೆದುರೇ ಹಿಂದಕ್ಕೆ ಜಾರತೊಡಗಿತು. ಹತ್ತು ಮಾರು ಹಿಂದೆ ಜಲಪಾತದ ಕಮರಿಯಿತ್ತು. ನಂಜನಗೂಡಿಗೆ ಹೋಗುವ ದಾರಿಯಲ್ಲಿ ಅಡುಗೆಗೆಂದು ಅಲ್ಲಿ ನಿಲ್ಲಿಸಿದ್ದೆವು. ಹ್ಯಾಂಡ್‌ಬ್ರೇಕ್ ಸಡಿಲವಿದೆಯೆಂದು ಚಾಲಕ ಚಕ್ರಕ್ಕೆ ಕಲ್ಲು ಕೊಟ್ಟು ಸ್ನಾನಕ್ಕೆ ಹೋಗಿದ್ದ. ಒಲೆ ಹೂಡಲು ಮೂರನೇ ಕಲ್ಲು ಸಿಗದೆ ನಮ್ಮತ್ತೆ ಅದನ್ನೇ ಎತ್ತಿಕೊಂಡಿದ್ದರು!

ನಾನು ಕಿರುಚಿ ಓಡುವಷ್ಟರಲ್ಲಿ, ಕಾಡಿನ ಕಾಲುದಾರಿಯಲ್ಲಿ ಬರುತ್ತಿದ್ದ ಹೆಂಗಸೊಬ್ಬರು ತಲೆಯ ಮೇಲಿದ್ದ ಸೌದೆ ಹೊರೆಯನ್ನು ಚಕ್ರದ ಹಿಂದಕ್ಕೆ ಎಸೆದರು. ಸೌದೆ ಲಟಲಟನೆ ಮುರಿದು ವ್ಯಾನ್ ನಿಂತಿತು.

"ಅಲ್ಲ ಕಣವ್ವ, ಇಷ್ಟು ದೊಡ್ಡ ಕಾಡ್ನಲ್ಲಿ ನಿಂಗೆ ಇದೊಂದೇ ಕಲ್ಲಾ ಸಿಕ್ಕಿದ್ದು?" ಎಂದು ಅವರು ಗದರಿದಾಗ ಅತ್ತೆ ಅಳುತ್ತಲೇ ನಕ್ಕರು. ಮಗಳು ಕಿಟಕಿಯಿಂದ ಇಣುಕಿ, "ಅಮ್ಮಾ, ನಂಜನಗೂಡು ಬಂತಾ?" ಎಂದಳು.

ಮುರಿದ ಸೌದೆಯಲ್ಲೇ ಅನ್ನ ಬೇಯಿಸಿ ಮೊದಲ ತಟ್ಟೆ ಆ ಹೆಂಗಸಿಗೆ ಕೊಟ್ಟೆವು. ವಾರವಾದರೂ, ಕಣ್ಣು ಮುಚ್ಚಿದರೆ ಆ ಚಕ್ರ ಉರುಳುತ್ತದೆ. ಸೌದೆ ಮುರಿದ ಸದ್ದು ಕೇಳಿದ ಮೇಲೆಯೇ ನನಗೆ ಉಸಿರು ಬರುತ್ತದೆ.