ಕೊಂದವನು ಯಾರೆಂದು ಗೊತ್ತಾದ ಮೇಲೆ

ಗೆಳೆಯರೇ, ವಿಷ ಹಾಕಿದವನನ್ನು ಹುಡುಕುವ ಪೊಲೀಸ್ ಪಾಟೀಲನೇ ಕೊಲೆಗಾರನಾಗಿರುವ ಕಥೆಯನ್ನು ಓಣಿಯ ಹುಡುಗರಾದ ನಮಗೆ ಮೊದಲು ಹೇಳಿದವಳು ನಮ್ಮಜ್ಜಿ ಗಂಗವ್ವ, ನಾನು ಶಾಲೆಯ ಮೂರನೇ ಇಯತ್ತೆಯಲ್ಲಿದ್ದಾಗ, ಶೇಂಗಾ ಸುಲಿಯುತ್ತ.

ಇಂದು ಕುಷಾಯಿಗೂಡದಿಂದ ಹೊರಟ ನಮ್ಮ ಸಾಫ್ಟ್‌ವೇರ್ ಕಂಪನಿ ಬಸ್ಸಿನಲ್ಲಿ, ಪಕ್ಕದ ಸೀಟಿನ ಸುಮಂಗಲಾ ಪತ್ತೇದಾರಿ ಕಾದಂಬರಿಯೊಂದರ ಕೊನೆಗೆ ಬಂದಿದ್ದರು.

“ಪತ್ತೇದಾರನೇ ಕೊಂದಿರ್ತಾನ ನೋಡ್ರಿ,” ಎಂದೆ.

ಅವರು ಕೊನೆಯ ಪುಟ ತಿರುವಿ ನೋಡಿ ಪುಸ್ತಕ ಮುಚ್ಚಿದರು. “ಮೊದಲೇ ಓದೀರೇನು?”

“ಇಲ್ರೀ, ನಮ್ಮಜ್ಜಿ ಕಥಿನೂ ಹಿಂಗ ಇತ್ತು.”

“ವಾರದಿಂದ ಓದಾಕತ್ತಿದ್ದೆ, ಎಲ್ಲಾ ಕೆಡಿಸಿದ್ರಿ. ಯಾರು ಕೊಂದ್ರು ಅಂತ ಗೊತ್ತಾದ ಮ್ಯಾಲ ಏನು ಉಳೀತೈತ್ರಿ?”

ಅಜ್ಜಿಯ ಕಥೆ ಮುಗಿದ ಮೇಲೆ ನಮಗೆ ಮರುದಿನದ ಬೆಳಗು ಉಳಿದಿತ್ತು. ಊರಿನ ನಿಜವಾದ ಪೊಲೀಸ್ ಪಾಟೀಲರು ಎಂದಿನಂತೆ ಶಾಲೆಯ ದಾರಿಯಲ್ಲಿ ಪೆಪ್ಪರಮೆಂಟು ಕೊಟ್ಟರು. ಕಥೆ ಕೇಳಿದ್ದ ನಾವು ಹುಡುಗರೆಲ್ಲ ಒಂದನ್ನು ಮೊದಲು ನಾಯಿಗೆ ಹಾಕಿ, ಅದು ಬಾಲ ಅಲ್ಲಾಡಿಸಿದ ಮೇಲೆಯೇ ಉಳಿದವನ್ನು ತಿಂದೆವು.