ಅಕ್ಕನ ಕನ್ನಡಕದ ಚೀಲ

ನಾನು ಚಿಕ್ಕವನಿದ್ದಾಗಿನ ಒಂದು ಭಾನುವಾರ, ಬೆಳಗಿನ ಏಳು ಗಂಟೆ. ಸ್ಥಳ, ಪುಣೆಯ ಹಡಪಸರದಲ್ಲಿದ್ದ ನಮ್ಮ ಎರಡು ಖೋಲಿಯ ಮನೆ. ಹಾಜರಿದ್ದವರು ಅಪ್ಪ, ಅವ್ವ, ಅಕ್ಕ ಮತ್ತು ನಾನು. ಮಕ್ಕಳೇ, ಯಾವ ಕೆಲಸದ ಮಾತಾದರೂ ಮೊದಲು ಹೊತ್ತು, ಆಮೇಲೆ ಹಾಜರಿ, ನಂತರ ಕೆಲಸ. ಇದು ನಮ್ಮ ಮನೆಯ ಶಿಸ್ತು. ನಾನು ಅದನ್ನು ಇವತ್ತಿಗೂ ಬಿಟ್ಟಿಲ್ಲ.

ಕಲಬುರಗಿ ಕಡೆಯಿಂದ ಬಂದ ಅಪ್ಪ ಒಂದು ಕಾರ್ಖಾನೆಯಲ್ಲಿ ತೊಗಲಿನ ಚೀಲ, ಬೆಲ್ಟು ಹೊಲಿಯುತ್ತಿದ್ದ. ಭಾನುವಾರ ಮಾತ್ರ ಅವನ ಕೈ ನನ್ನ ಪಾಲಿಗೆ. ಕಲಿಕೆಗೆ ಒಂದು ಕ್ರಮವಿತ್ತು. ಮೊದಲ ಕೆಲವು ವಾರ ನಾನು ಬರೀ ದಾರಕ್ಕೆ ಜೇನುಮೇಣ ಉಜ್ಜಿದೆ. ಆಮೇಲೆ ಬೇಡದ ಚೂರುಗಳ ಮೇಲೆ ದಬ್ಬಣದಿಂದ ತೂತು ಹಾಕಿದೆ. ತೂತುಗಳು ನೇರ ಸಾಲಿಗೆ ಬರುವವರೆಗೂ ಸೂಜಿ ನನ್ನ ಕೈಗೆ ಸಿಗಲಿಲ್ಲ. ಸಿಕ್ಕಾಗ ಒಂದಲ್ಲ, ಎರಡು ಸಿಕ್ಕವು. ತೊಗಲಿನ ಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೂ ಸೂಜಿ ಇರುತ್ತದೆ. ಒಂದು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ, ಎರಡೂ ಒಂದೇ ತೂತಿನಲ್ಲಿ ಎದುರುಬದುರಾಗಿ ದಾಟಬೇಕು. ಹಾಗೆ ಹೊಲಿದರೆ ಎಲ್ಲೋ ಒಂದು ಕಡೆ ದಾರ ಹರಿದರೂ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಯಾಕೆ ಎಂದು ತಿಳಿಯಲು ನಾನೇ ಒಂದು ಹೊಲಿಗೆ ಕತ್ತರಿಸಿ, ಜಗ್ಗಿ ಜಗ್ಗಿ ನೋಡಿದ್ದೆ.

ಆ ಭಾನುವಾರ ನನ್ನ ಮೊದಲ ನಿಜವಾದ ಸಾಮಾನು ಆಗಬೇಕಿತ್ತು. ಅಕ್ಕ ನರ್ಸಿಂಗ್ ಕಲಿಯಲು ಅಂದು ಸಂಜೆಯ ಗಾಡಿಗೆ ಸೋಲಾಪುರಕ್ಕೆ ಹೊರಟಿದ್ದಳು. ಅವಳಿಗೆ ಹೊಸದಾಗಿ ಕನ್ನಡಕ ಬಂದಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿಟ್ಟು ಆಗಲೇ ಗಾಜಿಗೊಂದು ಗೆರೆ ಬೀಳಿಸಿಕೊಂಡಿದ್ದಳು. ನಾನು ಅವಳಿಗೊಂದು ಕನ್ನಡಕದ ಚೀಲ ಹೊಲಿದು, ಎದುರಿಗೆ ಒಂದು ಹೂವಿನ ಅಚ್ಚು ಒತ್ತಬೇಕು ಎಂದುಕೊಂಡಿದ್ದೆ. ಅಪ್ಪನದು ಒಂದೇ ಷರತ್ತು.

"ಐದಕ್ಕ ಟಾಂಗಾ ಬರ್ತದ. ಅಷ್ಟ್ರಾಗ ಆಗ್ಬೇಕು. ಅರ್ಧ ಆದದ್ದು ನಮ್ಮ ಹೊಸ್ತಿಲಾ ದಾಟಂಗಿಲ್ಲ."

ಆಗದಿದ್ದರೆ ಚೀಲ ದೀಪಾವಳಿಗೆ ಅವಳು ಬರುವ ತನಕ ಮನೆಯಲ್ಲೇ ಉಳಿಯುತ್ತಿತ್ತು.

ಎಲ್ಲ ತಯಾರಿ ಮಾಡಿದ್ದೆ. ಅಪ್ಪ ಕೊಟ್ಟ ತೊಗಲಿನ ಉದ್ದ ತುಂಡಿಗೆ ಹಿಂದಿನ ದಿನವೇ ಚೆನ್ನಾಗಿ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ತಿಕ್ಕಿ ಇಟ್ಟಿದ್ದೆ. ನಮ್ಮಲ್ಲಿ ಹೊಸ ಚಪ್ಪಲಿ ತಂದ ದಿನ ಮೊದಲು ಎಣ್ಣೆ ಹಚ್ಚುತ್ತಾರೆ, ಆಮೇಲೆ ಕಾಲಿಗೆ ಹಾಕುತ್ತಾರೆ. ಹಚ್ಚದಿದ್ದರೆ ಅದು ಕಚ್ಚುತ್ತದೆ. ತೊಗಲೆಂದರೆ ತೊಗಲು, ಇದಕ್ಕೂ ಅದೇ ಉಪಚಾರ ಎಂದು ನನ್ನ ಲೆಕ್ಕ.

ತೊಗಲಿಗೆ ಒದ್ದೆ ಬಟ್ಟೆ ಒತ್ತಿ, ಕಬ್ಬಿಣದ ಅಚ್ಚನ್ನು ನೆಟ್ಟಗೆ ನಿಲ್ಲಿಸಿ, ಕೊಡತಿಯಿಂದ ಹೊಡೆದೆ. ಹೂ ಮೂಡಿತು. ಅಕ್ಕನನ್ನು ಕೂಗಿ ಕರೆದೆ. ಅವಳು ಬಂದು ಬಗ್ಗುವಷ್ಟರಲ್ಲಿ ಎಸಳುಗಳು ಕರಗಿ ಮಸುಕಾಗಿದ್ದವು. ಮಕ್ಕಳು ಹಿಟ್ಟಿನ ಮೇಲೆ ಬೆರಳಿಟ್ಟು ಅಳಿಸಿದಂತೆ ಕಾಣುತ್ತಿತ್ತು.

"ಇದು ಹೂ ಏನೋ? ಇಲಿ ಕಚ್ಚಿದಂಗ ಅದ ನೋಡು!" ಎಂದು ಅಕ್ಕ ನಕ್ಕಳು.

ಮತ್ತೆ ಅದೇ ಜಾಗದಲ್ಲಿ ಇನ್ನೂ ಜೋರಾಗಿ ಹೊಡೆದೆ. ಅದೂ ನಿಲ್ಲಲಿಲ್ಲ. ಅಪ್ಪ ಕಿಟಕಿಯ ಹತ್ತಿರ ತನ್ನ ರಂಪಿಗೆ, ಅಂದರೆ ತೊಗಲು ಕೊಯ್ಯುವ ಅಗಲ ಬಾಯಿಯ ಕತ್ತಿಯನ್ನು ಮಸೆಯುತ್ತ ಕೂತಿದ್ದ.

"ಅಪ್ಪಾ, ಹೂ ನಿಂದ್ರವಲ್ದು. ಯಾಕ?"

"ನನ್ನ ಯಾಕ ಕೇಳ್ತಿ? ತೊಗಲು ನಿನ್ನ ಕೈಯಾಗ ಅದ. ಅದನ್ನ ಕೇಳು."

ಅಳು ಬರುವಂತಾಗಿತ್ತು. ಆದರೆ ಅಳುವಿಗಿಂತ ಮುಂಚೆ ಕುತೂಹಲ ಬಂತು. ಹೋದ ವಾರ ಇದೇ ಅಚ್ಚು ಒಂದು ಚೂರಿನ ಮೇಲೆ ಗಟ್ಟಿಯಾಗಿ ಕೂತಿತ್ತಲ್ಲ? ಆ ಚೂರನ್ನು ಹುಡುಕಿ ತಂದೆ. ಮೂಸಿದೆ, ತೊಗಲು ಹದ ಮಾಡುವ ಜಾಲಿ ತೊಗಟೆಯ ಒಗರು ವಾಸನೆ. ಈ ತುಂಡನ್ನು ಮೂಸಿದೆ, ಒಗರಿನ ಮೇಲೆ ಔಡಲ ಎಣ್ಣೆ. ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳ ತುದಿಯಿಂದ ಒಂದೊಂದು ಹನಿ ನೀರು ಬಿಟ್ಟೆ. ಚೂರಿನ ಮೇಲಿನ ಹನಿ ಕ್ಷಣದಲ್ಲಿ ಒಳಗಿಳಿದು ತೊಗಲು ಕಪ್ಪಗಾಯಿತು. ನನ್ನ ತುಂಡಿನ ಮೇಲಿನ ಹನಿ ಕೆಸುವಿನ ಎಲೆಯ ಮೇಲಿನಂತೆ ದುಂಡಗೆ ಕೂತು, ಓರೆ ಮಾಡಿದರೆ ಉರುಳಿ ಹೋಯಿತು.

ಅಲ್ಲಿಗೆ ತಿಳಿಯಿತು. ನೀರು ಒಳಗೆ ಹೋದರೆ ತೊಗಲು ಮೆತ್ತಗಾಗಿ ಅಚ್ಚಿನ ಆಕಾರ ಹಿಡಿಯುತ್ತದೆ. ನಾನು ಆ ದಾರಿಯನ್ನೇ ಎಣ್ಣೆಯಿಂದ ಮುಚ್ಚಿದ್ದೆ. ಎಣ್ಣೆ ಕೆಟ್ಟದ್ದಲ್ಲ, ಅದರ ಸರದಿ ಕೊನೆಯದು. ಇದನ್ನು ಹೇಳಿದಾಗ ಅಪ್ಪ ಮಸೆಯುವುದನ್ನು ನಿಲ್ಲಿಸಿ, "ಹೂಂ, ಈಗ ಏನ್ ಮಾಡ್ತಿ?" ಎಂದ.

ಒಳಗೆ ಅವ್ವ ಅಕ್ಕನ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಶೇಂಗಾ ಹಿಂಡಿಯ ಖಾರ ಮೂಗಿಗೆ ಏರುತ್ತಿತ್ತು. ಮಳೆ ಇನ್ನೂ ಬಂದಿರಲಿಲ್ಲ, ತಗಡಿನ ಮಾಡು ಕಾದು ಸಿಡಿಯುತ್ತಿತ್ತು. ಎಣ್ಣೆ ಕಾಣದ ತೊಗಲು ಮನೆಯಲ್ಲಿ ಅಂಗೈಯಗಲದ್ದು ಮಾತ್ರ ಉಳಿದಿತ್ತು. ಅದರಲ್ಲಿ ಪೂರ್ತಿ ಚೀಲ ಆಗದು. ಆದರೆ ಒಂದು ಮುಚ್ಚಳ ಆಗುತ್ತದಲ್ಲ? ಚೀಲದ ಬಾಯಿಗೆ ಮುಚ್ಚಳ ಹೊಲಿದರೆ ಅದು ಮಸುಕಾದ ಹೂವಿನ ಮೇಲೆ ಸರಿಯಾಗಿ ಇಳಿಯುತ್ತಿತ್ತು. ಕಷ್ಟ ಒಂದೇ. ಮುಚ್ಚಳವೆಂದರೆ ಇನ್ನೊಂದು ಸಾಲು ಹೊಲಿಗೆ, ಮತ್ತು ಹೊತ್ತು ಆಗಲೇ ಮಧ್ಯಾಹ್ನಕ್ಕೆ ಬಂದಿತ್ತು.

ಮುಚ್ಚಳವನ್ನು ಕೊಯ್ದೆ. ಒದ್ದೆ ಮಾಡಿ, ತೊಗಲಿನ ಮೊದಲಿನ ಬಣ್ಣ ಮರಳುವವರೆಗೆ ಉಸಿರು ಹಿಡಿದು ಕಾದೆ. ಒಂದೇ ಏಟು ಹೊಡೆದೆ. ಎಸಳುಗಳು ಚೂಪಾಗಿ ಮೂಡಿ, ನಿಂತವು. ನಾನು ಎರಡು ಸಲ ಬೆನ್ನು ತಿರುಗಿಸಿ, ಮತ್ತೆ ನೋಡಿದೆ. ಅಲ್ಲೇ ಇದ್ದವು!

ನಂತರ ಉದ್ದ ತುಂಡನ್ನು ಮಡಚಿ ಹೊಲಿಗೆ. ಮೊದಲ ಬದಿ, ಎರಡನೆಯ ಬದಿ, ಕೊನೆಗೆ ಮುಚ್ಚಳ. ಮೇಣದ ದಾರ ಜಗ್ಗಿ ಜಗ್ಗಿ ಕಿರುಬೆರಳಿನ ಮಡಿಕೆ ಕೆಂಪಾಗಿತ್ತು. ಮುಚ್ಚಳದ ಸಾಲು ಅರ್ಧಕ್ಕೆ ಬಂದಾಗ ಹೊರಗೆ ಗೊರಸಿನ ಸದ್ದು ಕೇಳಿಸಿತು. ಟಾಂಗಾದವನು ಮರಾಠಿಯಲ್ಲಿ, "ಚಲಾ, ಉಶೀರ್ ಹೋತೋಯ್!" ಎಂದು ಅವಸರ ಮಾಡಿದ. ಅಪ್ಪ ಟ್ರಂಕು ಎತ್ತಿ ಬಾಗಿಲಲ್ಲಿ ನಿಂತ. ಅವ್ವ ಅಕ್ಕನ ಕೈಗೆ ಬುತ್ತಿ ಗಂಟು ಕೊಟ್ಟಳು. ಅವಸರಕ್ಕೆ ನನ್ನ ಸೂಜಿ ತೂತು ತಪ್ಪಿತು.

ಅಕ್ಕ ಬುತ್ತಿಯನ್ನು ಕೆಳಗಿಟ್ಟಳು. ಹೊಸ ಸೀರೆಯ ನಿರಿಗೆ ಎತ್ತಿಕೊಂಡು ನನ್ನ ಎದುರು ಕೂತಳು, ಕನ್ನಡಕ ಮೂಗಿಗೇರಿಸಿದಳು.

"ತಾ ಇಲ್ಲಿ, ಒಂದು ಸೂಜಿ ನನ್ನ ಕಡಿ ಕೊಡು. ಒಬ್ಬಾಂವ ಎರಡು ಕೈಲೆ ಮಾಡೂದು, ಇಬ್ಬರು ಕೂಡಿ ಮಾಡಿದ್ರ ಆಗಂಗಿಲ್ಲೇನು?"

ನಾನು ಈ ಕಡೆಯಿಂದ ಸೂಜಿ ದಾಟಿಸಿದೆ, ಅವಳು ಎಳೆದುಕೊಂಡಳು. ಅವಳು ಆ ಕಡೆಯಿಂದ ದಾಟಿಸಿದಳು, ನಾನು ಎಳೆದುಕೊಂಡೆ. ಪ್ರತಿ ತೂತಿಗೂ ಇಬ್ಬರೂ ಒಟ್ಟಿಗೆ ಜಗ್ಗಿದೆವು. ಟಾಂಗಾದವನು ಮತ್ತೆ ಕೂಗಿದ. ಅಪ್ಪ ಹೊಸ್ತಿಲು ದಾಟಲಿಲ್ಲ. ಟ್ರಂಕು ಹಿಡಿದುಕೊಂಡೇ ನಿಂತಿದ್ದ.

ಕೊನೆಯ ಹೊಲಿಗೆ ಬಿಗಿದಾಗ ಅಪ್ಪ ಟ್ರಂಕು ಕೆಳಗಿಟ್ಟು ಒಳಬಂದ. ಸಾಲಿನುದ್ದಕ್ಕೂ ಉಗುರು ಎಳೆದು ನೋಡಿ, ದಾರದ ತುದಿ ಕತ್ತರಿಸಿ, "ಆತು, ನಡೀರಿ" ಎಂದ. ಅಕ್ಕ ಮುಚ್ಚಳ ಎತ್ತಿ ಇಳಿಸಿ ನೋಡಿದಳು. "ಮುಚ್ಚಿದ್ರ ಒಂದು ಹೂ, ತೆರೆದ್ರ ಇಲಿ ಕಚ್ಚಿದ ಹೂ. ಎರಡೂ ನನ್ನವಾ" ಎಂದು ನನ್ನ ತಲೆಗೆ ಮೊಟಕಿ ಹೊರಟಳು.

ಮಕ್ಕಳೇ, ಮೊನ್ನೆ ನಾನು ಹಿಂಜವಾಡಿಯ ನಿಮ್ಮ ಮನೆಗೆ ಬಂದಾಗ ನೀವಿಬ್ಬರೂ ತೊಗಲಿನ ಪರ್ಸು ಹೊಲಿಯುತ್ತಿದ್ದಿರಿ. ಇಬ್ಬರಿಗೂ ಹೊಲಿಗೆ ಸಾಮಾನಿನ ಬೇರೆ ಬೇರೆ ಡಬ್ಬಿ ಬಂದಿತ್ತು. ತೂತುಗಳನ್ನು ಕಾರ್ಖಾನೆಯೇ ಹಾಕಿ ಕಳಿಸಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಫೋನಿನೊಳಗಿನ ಹುಡುಗಿ ಹೇಳುತ್ತಿದ್ದಳು. ಬೇಕಾದಾಗ ಅವಳನ್ನು ನಿಲ್ಲಿಸಿ, ಮತ್ತೆ ಹೇಳಿಸುತ್ತಿದ್ದಿರಿ. ನಿಮ್ಮ ಹೊಲಿಗೆ ಅಂದಿನ ನನ್ನ ಹೊಲಿಗೆಗಿಂತ ನೇರವಾಗಿದೆ, ಅದನ್ನು ನಾನು ಒಪ್ಪುತ್ತೇನೆ. ಆದರೂ ಆ ಹುಡುಗಿಯನ್ನು ಸ್ವಲ್ಪ ಹೊತ್ತು ಸುಮ್ಮನಿರಿಸಿ, ನಿಮ್ಮ ತುಂಡಿನ ಮೇಲೊಂದು ಹನಿ ನೀರು ಬಿಟ್ಟು ನೋಡಿ. ಇಳಿಯುತ್ತದೋ ಉರುಳುತ್ತದೋ ನನಗೂ ಗೊತ್ತಿಲ್ಲ. ನೋಡಿ ಹೇಳಿ.

ಅಂದು ಅಪ್ಪ ಸ್ಟೇಷನ್ನಿನಿಂದ ಮರಳುವಾಗ ದೀಪ ಹಚ್ಚುವ ಹೊತ್ತು. ನಾನು ಸೂಜಿ, ದಬ್ಬಣ, ಅಚ್ಚು ಒರೆಸಿ ಅವುಗಳ ಜಾಗದಲ್ಲಿ ಇಟ್ಟಿದ್ದೆ. ಅವ್ವ, "ಪೋರಿ ಅತ್ತಳೇನ್ರಿ?" ಎಂದು ಕೇಳಿದಳು.

"ಎಲ್ಲಿ ಅಳೂದು?" ಅಪ್ಪ ಚಪ್ಪಲಿ ಕಳಚುತ್ತ ಹೇಳಿದ. "ಗಾಡಿ ಬಿಡೂತನಕಾ ಚಸ್ಮಾ ತೆಗೆಯೂದು, ಹಾಕೂದು, ಮತ್ತ ತೆಗೆಯೂದು. ಎದುರು ಕೂತ ಹೆಣ್ಮಗಳಿಗೆ ಮುಚ್ಚಳಾ ತೆರೆದು ತೋರ್ಸಲಕತ್ತಿದ್ಳು."

ನಾನು ಕಸಬರಿಗೆ ತಂದು ತೊಗಲಿನ ಚೂರುಗಳನ್ನೆಲ್ಲ ಗುಡಿಸಿ ಎತ್ತಿದೆ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.