ಎಂಟನೆಯ ಅಜ್ಜಿ

ತೇನಿಯ ಒಂದು ಶಾಲೆಯಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ, ತಮಿಳಿನಲ್ಲಿ. ಮಕ್ಕಳಿಗೆ ನನ್ನ ಮೇಲಿರುವುದು ಒಂದೇ ದೂರು: ಈಯಮ್ಮ ಪುಸ್ತಕ ಮುಚ್ಚಿಸುತ್ತಾಳೆ. ಪಾಠ ಓದಿದ ಕೂಡಲೇ ಪುಸ್ತಕ ಚೀಲದೊಳಗೆ ಹೋಗಬೇಕು, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಬೇಕು. ಮೂರು ದಿನ ಬಿಟ್ಟು ಅದನ್ನೇ ಕೇಳುತ್ತೇನೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಸಾಲುಗಳಿಗೆ ಹಳದಿ ಬಣ್ಣ ಬಳಿದು ಮತ್ತೆ ಮತ್ತೆ ಓದುವ ಹುಡುಗಿಯರನ್ನು ಕಂಡರೆ ನನಗೆ ರೇಗುತ್ತದೆ. ಕಂಡಾಗ ಗುರುತು ಹಿಡಿಯುವುದು ಬೇರೆ, ಕಾಣದೆ ಹೇಳುವುದು ಬೇರೆ ಎಂದು ಗಂಟಲು ಹರಿದುಕೊಳ್ಳುತ್ತೇನೆ. ಒಂದು ತರಬೇತಿಯಲ್ಲಿ ಇದನ್ನೆಲ್ಲ ಕಲಿತು ಬಂದು, ಸ್ಟಾಫ್ ರೂಮಿನಲ್ಲೂ ಉಪದೇಶ ಮಾಡಿ, ಅಲ್ಲಿ ಯಾರಿಗೂ ಬೇಡದವಳಾಗಿದ್ದೇನೆ. ಇಷ್ಟೆಲ್ಲ ಬಲ್ಲ ನಾನೇ ಮಣ್ಣು ಮುಕ್ಕಿದೆ.

ನಾನಿರುವುದು ಒಬ್ಬಳೇ. ಮದುವೆಯಾಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ. ಶುಕ್ರವಾರ ಶಾಲೆ ಬಿಟ್ಟರೆ ಸೋಮವಾರ ಹಾಜರಿ ಕರೆಯುವವರೆಗೆ ಎಷ್ಟೋ ಸಲ ಬಾಯಿ ತೆರೆಯುವ ಕೆಲಸವೇ ಬೀಳುವುದಿಲ್ಲ. ಮನೆಮಾತು ಕನ್ನಡದಲ್ಲಿ ನನ್ನೊಡನೆ ಮಾತಾಡುತ್ತಿದ್ದದ್ದು ಸೋದರತ್ತೆ ಒಬ್ಬಳೇ. ಅವಳಿದ್ದದ್ದು ಕಂಬಂ ಪಕ್ಕದಲ್ಲಿ, ದ್ರಾಕ್ಷಿ ತೋಟದ ಮನೆಯಲ್ಲಿ, ತನ್ನ ಇನ್ನೊಬ್ಬ ತಮ್ಮನ ಮಗನ ಸಂಸಾರದ ಜೊತೆ. ಅಲ್ಲಿ ಮಿಕ್ಕವರಿಗೆ ನಮ್ಮ ಮಾತು ಅರ್ಧಂಬರ್ಧ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲಿ ಬರುತ್ತದೆ.

ಆಡಿ, ಅಂದರೆ ಆಷಾಢದ ಹೊತ್ತಿನ ತಮಿಳು ತಿಂಗಳು; ಅದರ ಒಂದು ಶುಕ್ರವಾರ ನಮ್ಮ ಮನೆತನದಲ್ಲಿ ಗತಿಸಿದ ಅಜ್ಜಿಯರಿಗೆ ಎಡೆ ಇಡುತ್ತೇವೆ. ಹನ್ನೊಂದು ಬಾಳೆ ಎಲೆ, ಹನ್ನೊಂದು ಅಜ್ಜಿಯರು. ಮನೆಯ ಹೆಣ್ಣುಮಗಳೊಬ್ಬಳು ಒಂದೊಂದೇ ಎಲೆಯ ಮುಂದೆ ನಿಂತು ಕರೆಯಬೇಕು. ಹೆಸರು ಹಿಡಿಯುವಂತಿಲ್ಲ, ಅವರು ಮಾಡಿದ್ದನ್ನು ಹೇಳಿ ಕರೆಯಬೇಕು. ಸೆರಗಲ್ಲಿ ರಾಗಿ ಕಟ್ಕೊಂಡು ಹೊಳೆ ದಾಟ್ದವಳೇ, ಬಾ, ಉಣ್ಣು. ದಾರೀಲಿ ಹೆತ್ತವಳೇ, ಬಾ, ಉಣ್ಣು. ಹೀಗೆ ಹನ್ನೊಂದು, ಇದೇ ಸಾಲಿನಲ್ಲಿ. ಕೈಯಲ್ಲಿ ಕಾಗದ ಇರಬಾರದು, ಪಕ್ಕದಲ್ಲಿದ್ದವರು ನೆನಪಿಸಬಾರದು. ಬಿಟ್ಟುಹೋದವಳ ಎಲೆಯನ್ನು ಹಾಗೆಯೇ ಎತ್ತಿ ಹಸುವಿಗೆ ಹಾಕುತ್ತಾರೆ, ಮುಂದಿನ ಆಡಿಯವರೆಗೆ ಆಕೆಗೆ ಉಪವಾಸ. ಇದನ್ನು ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ತರಗತಿಯಲ್ಲಿ ಜೀರ್ಣಾಂಗದ ಚಿತ್ರ ಬರೆಯುವವಳು ನಾನು. ಆದರೂ ಆ ಎಲೆಗಳ ಮುಂದೆ ನಿಂತರೆ ನಂಬುತ್ತೇನೆ.

ವರ್ಷ ವರ್ಷವೂ ಕರೆಯುತ್ತಿದ್ದ ಅತ್ತೆ, ಎರಡು ವರ್ಷದ ಹಿಂದೆ, ಬರೋ ಆಡಿಗೆ ನೀನೇ ಕರೀಬೇಕು ಅಂದಳು. ನಾನು ಜಾಣೆಯಂತೆ ಅವಳ ಕರೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ವರ್ಷವಿಡೀ ಕೇಳಿದೆ, ಅಡುಗೆ ಮಾಡುವಾಗ, ಪೆರಿಯಕುಳಂ ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ. ಅವಳು ಹೇಳುವ ಮೊದಲೇ ನನ್ನ ಬಾಯಿ ಆಡುತ್ತಿತ್ತು. ಸರಾಗವಾಗಿ ಬರುತ್ತಿದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಕಲಿಯಲಿಕ್ಕಾಗಿ ಕೇಳುತ್ತಲೂ ಇರಲಿಲ್ಲ; ಮನೆಯಲ್ಲಿ ಒಂದು ದನಿ ಇರಲಿ ಎಂದು ಹಾಕಿಕೊಳ್ಳುತ್ತಿದ್ದೆ.

ಆಡಿ ಬಂತು. ನಾಲ್ಕು ಎಲೆ ದಾಟಿದೆ. ಐದನೆಯದರ ಮುಂದೆ ನಿಂತರೆ ತಲೆಯಲ್ಲಿ ಏನೂ ಇಲ್ಲ. ಅನ್ನದ ಹಬೆ ಏಳುತ್ತಿತ್ತು, ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಹೇಗೋ ಏಳನೆಯವಳು ಸಿಕ್ಕಳು, ಒಂಬತ್ತನೆಯವಳು ಸಿಕ್ಕಳು. ಐದು ಎಲೆಗಳು ಹಾಗೆಯೇ ಹಸುವಿನ ಮುಂದೆ ಹೋದವು. ಅತ್ತೆ ಒಂದು ಮಾತೂ ಬಯ್ಯಲಿಲ್ಲ, ಆದರೆ ಆ ದಿನ ಉಣ್ಣಲೂ ಇಲ್ಲ.

ಸಂಜೆ ಜಗಲಿಯಲ್ಲಿ ಕೂತು ದ್ರಾಕ್ಷಿ ಗೊಂಚಲಿನಿಂದ ಕೊಳೆತ ಹಣ್ಣು ಕತ್ತರಿಸಿ ತೆಗೆಯುತ್ತ, ಹೇಗೆ ಕಲಿತೆ ಎಂದು ವಿಚಾರಿಸಿದಳು. ಫೋನು ಹಾಕಿ ತೋರಿಸಿದೆ.

“ಎಲ್ಲಾನೂ ಅದೇ ಯೋಳ್ಬುಟ್ರೆ ನಿಂಗೇನು ಕೆಲ್ಸ, ಕಣ್ಣು? ಎಂಟನೇವ್ಳು ಯಾರು ಅಂತ ನಿನ್ನ ಯಾರಾನ ಕೇಳಿದ್ರಾ?”

“ಕೇಳಾಕೆ ನಮ್ಮನೇಲಿ ಯಾರವ್ರೆ ಅತ್ತೆ?” ಎಂದೆ.

ಅವಳ ಅವ್ವ ಕಲಿಸಿದ್ದು ಹೇಗೆಂದು ಆಮೇಲೆ ಹೇಳಿದಳು. ಕಳೆ ಕೀಳುವಾಗ, ಜಡೆ ಹಾಕುವಾಗ, ಇದ್ದಕ್ಕಿದ್ದಂತೆ ಮೂರನೆಯವಳು ಯಾರು ಎನ್ನುವುದು. ತಪ್ಪಿದರೆ ಹೇಳಿಕೊಡದೆ ಯೋಚಿಸಲು ಬಿಡುವುದು, ಸರಿ ಹೇಳಿದರೆ ಒಂದಷ್ಟು ದಿನ ಸುಮ್ಮನಿದ್ದು ಮರೆಯುವ ಹೊತ್ತಿಗೆ ಮತ್ತೆ ಕೇಳುವುದು. ಆ ತರಬೇತಿಯಲ್ಲಿ ಬಿಸ್ಕತ್ತು ಕೊಟ್ಟು, ಪರದೆಯ ಮೇಲೆ ಚಿತ್ರ ಬಿಟ್ಟು ನನಗೆ ಕಲಿಸಿದ್ದು ಇದನ್ನೇ. ನಾಚಿಕೆಯಾಯಿತು. ರೆಕಾರ್ಡು ಅಳಿಸಿಹಾಕು ಅಂದಳು. ಅಲ್ಲೇ ಅಳಿಸಿದೆ.

ಮರುದಿನದಿಂದ ಫೋನು ಶುರುವಾಯಿತು. ಹಲೋ ಇಲ್ಲ, ಊಟವಾಯಿತಾ ಇಲ್ಲ. ಸಂತೆಯಲ್ಲಿ ನುಗ್ಗೆಕಾಯಿ ಆರಿಸುತ್ತಿದ್ದರೆ “ಆರನೇವ್ಳು?” ಎನ್ನುವಳು. ಸರಿಯಾದರೆ ಹೂಂ ಎಂದು ಇಟ್ಟುಬಿಡುವಳು, ತಪ್ಪಾದರೆ ಯೋಚನೆ ಮಾಡು, ನಾಳೆ ಕೇಳುತ್ತೇನೆ ಎಂದು ಇಟ್ಟುಬಿಡುವಳು. ಅಷ್ಟಕ್ಕೇ ನನ್ನ ದಿನ ತುಂಬಿಹೋಗುತ್ತಿತ್ತು. ಎಷ್ಟು ವರ್ಷವಾಗಿತ್ತು, ದಿನಾ ಒಬ್ಬರು ನನ್ನನ್ನು ಹುಡುಕಿ!

ಆದರೆ ನಾನು ಕಲಿಯುತ್ತ ಹೋದಂತೆ ಅವಳು ಅಂತರ ಹೆಚ್ಚಿಸುತ್ತ ಹೋದಳು. ಎರಡು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಅದೇ ಸರಿಯಾದ ಕ್ರಮ, ನಾನೂ ಮಕ್ಕಳಿಗೆ ಹಾಗೇ ಮಾಡುತ್ತೇನೆ. ಸರಿಯಾದ ಉತ್ತರಕ್ಕೆ ಸಿಗುವ ಬಹುಮಾನ ಹದಿನೈದು ದಿನದ ಮೌನ ಎಂದಾದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ಒಂದು ದಿನ ಎಂಟನೆಯವಳನ್ನು ಕೇಳಿದಳು. ನಾಲಿಗೆಯ ತುದಿಯಲ್ಲೇ ಇದ್ದವಳನ್ನು ನುಂಗಿಕೊಂಡು, ಗೊತ್ತಿಲ್ಲ ಅತ್ತೆ ಎಂದೆ. ಮಾರನೇ ದಿನವೇ ಫೋನು ಬಂತು. ಮತ್ತೆ ಗೊತ್ತಿಲ್ಲ ಎಂದೆ. ಅತ್ತೆಯಂಥ ಅತ್ತೆಗೆ ಸುಳ್ಳು ಹೇಳಿ, ಎರಡು ತಿಂಗಳು ದಿನಾ ಫೋನು ಮಾಡಿಸಿಕೊಂಡೆ. ಅವಳ ದನಿಯಲ್ಲಿ ಕಳವಳ ಏರುತ್ತಿದ್ದುದು ಕೇಳಿಸುತ್ತಿತ್ತು. ಇನ್ನೊಂದು ವಾರ, ಆಮೇಲೆ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ.

“ಆ ಒಬ್ಬಳು ಉಪಾಸ ಬಿದ್ದೋಯ್ತಾಳಲ್ಲ, ಕಣ್ಣು. ಯೋಚ್ನೆ ಮಾಡು. ನಾಳೆ ಕೇಳ್ತೀನಿ,” ಅಂದದ್ದು ಕೊನೆಯ ಫೋನು. ಆ ನಾಳೆ ಬಂದಾಗ ಫೋನು ಮಾಡಿದವನು ಅವಳ ತಮ್ಮನ ಮಗ. ಬೆಳಿಗ್ಗೆ ಎಬ್ಬಿಸಲು ಹೋದರೆ ಅತ್ತೆ ಏಳಲಿಲ್ಲವಂತೆ.

ಈ ಸಲದ ಆಡಿಯಲ್ಲಿ ಹನ್ನೊಂದು ಜನರನ್ನೂ ಕರೆದೆ. ಎಲ್ಲಿಯೂ ತಡವರಿಸಲಿಲ್ಲ. ಸರಿಯೋ ತಪ್ಪೋ ಎಂದು ಹೇಳಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ಎಂಟನೆಯ ಎಲೆಯ ಮುಂದೆ, ಬೀಜದ ಗಡಿಗೆ ತಬ್ಕೊಂಡು ನಿದ್ದೆಗೆಟ್ಟವಳೇ, ಬಾ, ಉಣ್ಣು ಎಂದು ಕರೆದೆ. ಮುಂದಿನ ಎಲೆಗೆ ಹೋಗಲಿಲ್ಲ. ಅವಳನ್ನೇ ಇನ್ನೊಂದು ಸಲ, ಗಟ್ಟಿಯಾಗಿ ಕರೆದೆ.

“ಗೊತ್ತಿತ್ತು ಅತ್ತೆ, ಮೊದ್ಲಿಂದ್ಲೂ ಗೊತ್ತಿತ್ತು,” ಎಂದೆ.

ಅದೂ ಕರೆಯ ಮಾತೇ ಎಂದುಕೊಂಡು ಎಲ್ಲರೂ ಕೈ ಮುಗಿದರು.